ಕುನ್ನಪ್ಪ ಹೇಳಿದ ಮೇಲೆ

ಮೊನ್ನೆ ಊಟಿ ಬಸ್ಸಿನ ಮೇಲಿಂದ ಒಂದು ಚೀಲ ಆಲೂಗಡ್ಡೆ ಇಳಿಸಿಕೊಂಡು ಬಂದೆ. ಪ್ರತಿ ವರ್ಷ ಬರುತ್ತದೆ. ಕೋತಗಿರಿ ಕಡೆಯಿಂದ ನಮ್ಮ ಬೋಜ ಕುನ್ನಪ್ಪ ಕಳಿಸುತ್ತಾನೆ. ನಂಜನಗೂಡಿನ ಮನೆಯ ಹಜಾರದಲ್ಲಿ ಚೀಲದ ಬಾಯಿ ಬಿಚ್ಚಿದ್ದೇ ತಡ, ಮಗಳು ಮೂಗು ಮುಚ್ಚಿಕೊಂಡಳು.

“ಅಮ್ಮಾ, ಏನಿದು ಮುಗ್ಗಲು ವಾಸನೆ? ಅರ್ಧ ಗಡ್ಡೆ ಮೊಳಕೆ ಬಂದಿದೆ.”

“ಮುಗ್ಗಲಲ್ಲ ಕಣೇ. ಅದು ನಾನು ಓದಿದ ಸ್ಕೂಲು,” ಅಂದೆ.

ತಮಾಷೆಗೆ ಹೇಳಿದ್ದಲ್ಲ. ನಾನು ಓದಿದ್ದು ಆಲೂಗಡ್ಡೆ ಗೋದಾಮಿನಲ್ಲಿ. ಕಟ್ಟಬೆಟ್ಟಿನಿಂದ ಒಂದು ಬೆಟ್ಟ ಇಳಿದು ಇನ್ನೊಂದು ಹತ್ತಿದರೆ ನಮ್ಮ ಹಟ್ಟಿ. ಹಟ್ಟಿ ಅಂದರೆ ಬಡಗರ ಊರು. ಒಂದಕ್ಕೊಂದು ಅಂಟಿಕೊಂಡ ಮನೆಸಾಲು, ಒಂದೇ ವಂಶದ ಜನ. ಈಗ ಅಲ್ಲಿ ಎಲ್ಲಿ ನೋಡಿದರೂ ಚಹಾ ಗಿಡ. ನಾನು ಹೇಳುವ ಕಾಲಕ್ಕೆ ಚಹಾ ಬೆಳೆಯುವುದು ಕೀಳ್ ಕೋತಗಿರಿಯ ಬಿಳಿ ದೊರೆಗಳ ಕೆಲಸ. ನಮ್ಮದು ಆಲೂಗಡ್ಡೆ, ಸಾಮೆ, ಎಮ್ಮೆ. ಬಿತ್ತನೆ ಗಡ್ಡೆ ಇಡುವುದಕ್ಕೆ ಊರಿನವರು ಒಂದು ಉದ್ದನೆಯ ಕೋಣೆ ಕಟ್ಟಿದ್ದರು. ಅದರ ಅರ್ಧದಲ್ಲಿ ಗಡ್ಡೆ, ಇನ್ನರ್ಧದಲ್ಲಿ ನಾವು. ಎರಡನ್ನೂ ಚಳಿಯಿಂದ ಕಾಪಾಡಬೇಕಿತ್ತು. ಗಡ್ಡೆಗಾದರೆ ಒಣಹುಲ್ಲು ಹೊದಿಸುತ್ತಿದ್ದರು.

ಮದರಾಸು ಸರ್ಕಾರದ ಸೀಮೆಯಾದರೂ ಆಗ ನಮ್ಮ ಶಾಲೆಯಲ್ಲಿ ಕಲಿಸುತ್ತಿದ್ದದ್ದು ಕನ್ನಡವನ್ನೇ. ಮನೆಯಲ್ಲಿ ಆಡುವುದು ಬಡಗ ಮಾತು. ಪುಸ್ತಕದ ಕನ್ನಡ ನಮಗೆ ದೂರದ ನೆಂಟರ ಹಾಗೆ: ಮುಖ ಗೊತ್ತು, ಸಲಿಗೆ ಇಲ್ಲ. ಇಲ್ಲಿ ನಮ್ಮವರು ಆಡಿದ ಮಾತನ್ನು ನಿಮಗೆ ತಿಳಿಯುವಷ್ಟು ತಿದ್ದಿ ಬರೆದಿದ್ದೇನೆ. ಹೆತ್ತೆ ಬದುಕಿದ್ದರೆ “ಎನ್ನ ಬಾಯಿಗೆ ಕೆಳಗಿನವರ ಮಾತು ತುರುಕ್ತೀಯಾ ಕೂಸೇ?” ಅಂತ ಬೈಯುತ್ತಿದ್ದಳು. ಹೆತ್ತೆ ಅಂದರೆ ಅಜ್ಜಿ.

ಕುನ್ನಪ್ಪ ಅಂದರೆ ಚಿಕ್ಕಪ್ಪ. ಬೋಜ ನನಗಿಂತ ಐದಾರು ವರ್ಷಕ್ಕಷ್ಟೇ ದೊಡ್ಡವನು. ಆದರೆ ವಂಶದ ಲೆಕ್ಕದಲ್ಲಿ ಅವನು ನಮ್ಮಪ್ಪನ ಸಾಲಿನವನು. ಕ್ಲಾಸಿನಲ್ಲಿದ್ದ ಉಳಿದ ನಾವೆಲ್ಲ ಅಣ್ಣ, ತಮ್ಮ, ಅಕ್ಕ, ತಂಗಿ. ಅಂದರೆ ನಮ್ಮ ನಾಲ್ಕನೆಯ ಕ್ಲಾಸಿನಲ್ಲಿ ಮಕ್ಕಳೆಲ್ಲ ಒಂದು ಕಡೆ, ಎಲ್ಲರಿಗೂ ಸೇರಿ ಒಬ್ಬ ಚಿಕ್ಕಪ್ಪ ಒಂದು ಕಡೆ. ಮೀಸೆ ಚಿಗುರುತ್ತಿದ್ದ, ಎಮ್ಮೆ ಕರೆದು ಕೈ ಒರಟಾಗಿದ್ದ, ಓದಿನಲ್ಲಿ ಅಷ್ಟಕ್ಕಷ್ಟೆ ಇದ್ದ ಚಿಕ್ಕಪ್ಪ. ನಾಲ್ಕನೆಯದು ಪಾಸಾದರೆ ಕೀಳ್ ಕೋತಗಿರಿಯ ಎಸ್ಟೇಟಿನಲ್ಲಿ ಮೇಸ್ತ್ರಿ ಕೆಲಸಕ್ಕೆ ಸೇರುವುದು ಅವನ ಆಸೆ. ಅಲ್ಲಿಯ ಮೇಸ್ತ್ರಿಗಳು ಬೂಟ್ಸು ಹಾಕುತ್ತಿದ್ದರು. ಅವನಿಗೆ ಕಂಡದ್ದು ಆ ಬೂಟ್ಸು, ಅಷ್ಟೆ.

ಆ ವರ್ಷದ ಕಥೆ ಶುರುವಾಗುವುದು ಅದರ ಹಿಂದಿನ ವರ್ಷದ ಪರೀಕ್ಷೆಯಿಂದ. ವರ್ಷಕ್ಕೊಮ್ಮೆ ಇನ್ಸ್‌ಪೆಕ್ಟರು ಕುದುರೆ ಮೇಲೆ ಬರುತ್ತಿದ್ದರು. ಮಂಗಳೂರು ಕಡೆಯವರು, ಮೂಗಿನ ತುದಿಯಲ್ಲಿ ಕನ್ನಡಕ. ಮೂರನೆಯದು ನಾಲ್ಕನೆಯದು ಒಟ್ಟಿಗೆ ಕೂತಿದ್ದೆವು. ಓದುವ ಪುಸ್ತಕದಲ್ಲಿ ದೀಪಸ್ತಂಭದ ಪಾಠ ಇತ್ತು. ಸಮುದ್ರವನ್ನೇ ನೋಡದ ನಮಗೆ ಯಾಕೆ ಆ ಪಾಠ ಅಂತ ಕೇಳಬೇಡಿ; ಇತ್ತು. ಇನ್ಸ್‌ಪೆಕ್ಟರು ಮುಂದಿನ ಸಾಲಿನ ದೊಡ್ಡ ಹುಡುಗನನ್ನೇ ಮೊದಲು ಎಬ್ಬಿಸಿದರು.

“ದೀಪಸ್ತಂಭದಿಂದ ಯಾರಿಗೆ ಉಪಯೋಗ?”

ಬೋಜ ಎದೆ ಉಬ್ಬಿಸಿ ಹೇಳಿದ: “ಎಮ್ಮೆ ಮೇಯಿಸೋರಿಗೆ ಸಾಮಿ. ಮಂಜಲ್ಲಿ ಎಮ್ಮೆ ತಪ್ಪಿಸ್ಕಂಡ್ರೆ ಹುಡುಕಕ್ಕೆ.”

ಇನ್ಸ್‌ಪೆಕ್ಟರು ನಕ್ಕು ಮುಂದಿನವನನ್ನು ಕೇಳಿದರು. ಅವನೂ “ಎಮ್ಮೆ ಮೇಯಿಸೋರಿಗೆ.” ಅದರಾಚೆಯವನೂ ಅದೇ. ಸಾಲು ಮುಗಿಯುವಷ್ಟರಲ್ಲಿ ನಗು ಹೋಗಿತ್ತು. ಕೊನೆಯಲ್ಲಿ ನಾನು. ನನಗೆ ಗೊತ್ತಿತ್ತು, ಹಡಗಿನವರಿಗೆ. ಪಾಠ ಬಾಯಿಪಾಠವೇ ಇತ್ತು. ಎದ್ದು ನಿಂತು “ಎಮ್ಮೆ ಮೇಯಿಸೋರಿಗೆ” ಅಂದೆ.

“ಇದು ಕ್ಲಾಸೋ ಕುರಿಮಂದೆಯೋ ಮಾರಾಯ್ರೆ?” ಅಂತ ಅವರು ಮೇಷ್ಟ್ರನ್ನು ಕೇಳಿದರು. ಹೋಗುವಾಗ ಕುದುರೆ ಮೇಲೆ ಕೂತೇ ಹೇಳಿದರು: ಇನ್ನೊಂದು ವರ್ಷ ನೋಡುತ್ತೇನೆ, ಆಗಲೂ ಹೀಗೇ ಆದರೆ ಈ ಶಾಲೆ ಬೇಡ ಅಂತ ಬರೆಯುತ್ತೇನೆ.

ಶಾಲೆ ಮುಚ್ಚಿದರೆ ಹುಡುಗರಿಗೇನೂ ಆಗುತ್ತಿರಲಿಲ್ಲ, ಕೋತಗಿರಿಗೆ ನಡೆದು ಹೋಗುತ್ತಿದ್ದರು. ಆ ದಾರಿಯಲ್ಲಿ ಕಾಡೆಮ್ಮೆ ಓಡಾಡುತ್ತಿದ್ದವು. ಹುಡುಗಿಯರನ್ನು ಯಾರೂ ಕಳಿಸುತ್ತಿರಲಿಲ್ಲ. ನಾವು ಮೂವರು ಹುಡುಗಿಯರಿದ್ದೆವು. ಅವ್ವೆ ಆಗಲೇ ನನ್ನ ಕೆಲಸ ಗೊತ್ತು ಮಾಡಿಬಿಟ್ಟಿದ್ದಳು. “ಇಸ್ಕೂಲು ನಿಂತ್ರೆ ಆತು, ಹೊಲದಲ್ಲಿ ಕಳೆ ತೆಗೆಯಕ್ಕೆ ಒಂದು ಕೈ ಕಮ್ಮಿ ಇದೆ.” ಬೈದು ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು. ಅವಳು ಸೊಪ್ಪು ಸೋಸುತ್ತಾ ಹೇಳಿದ್ದಳು.

ನಮ್ಮ ಮೇಷ್ಟ್ರು ಗುರುಸಿದ್ದಪ್ಪನವರು ಗುಂಡ್ಲುಪೇಟೆ ಕಡೆಯವರು. ತೆಳ್ಳಗಿನ ಮನುಷ್ಯ, ಕಂಬಳಿಯೊಳಗಿನಿಂದ ಎರಡು ಕಣ್ಣು ಮತ್ತು ಒಂದು ಕೋಲು ಮಾತ್ರ ಕಾಣುತ್ತಿದ್ದವು. ಹಿಮ ಬೀಳುವ ತಿಂಗಳಲ್ಲಿ ಅವರಿಗೆ ಒಲೆ ಹೊತ್ತಿಸುವುದು ಬರುತ್ತಿರಲಿಲ್ಲ. ಊದಿ ಊದಿ ಕಣ್ಣಲ್ಲಿ ನೀರು ತುಂಬಿಕೊಳ್ಳುತ್ತಿದ್ದರೇ ಹೊರತು ಬೆಂಕಿ ಬರುತ್ತಿರಲಿಲ್ಲ. ಹಾಗಾಗಿ ಬೆಳಿಗ್ಗೆ ಒಡೆದ ಮಡಕೆಯ ಚೂರಿನಲ್ಲಿ ನಮ್ಮ ಒಲೆಯ ಕೆಂಡ ತೆಗೆದುಕೊಂಡು ಹೋಗಿ ಅವರಿಗೆ ಕೊಡುವುದು ನನ್ನ ಪಾಲಿನ ಕೆಲಸ.

ಆ ಹಿಮಗಾಲ ಇಡೀ ಪರೀಕ್ಷೆಗೆ ತಯಾರಿ. ಬೆಳಿಗ್ಗೆ ಹುಲ್ಲೆಲ್ಲ ಬೆಳ್ಳಗೆ, ಬಿಸಿಲೇರಿದ ಮೇಲೆ ಸುಟ್ಟ ಹಾಗೆ ಕಪ್ಪಗೆ. ಬೆರಳು ಮರಗಟ್ಟಿ ಬಳಪ ಜಾರಿ ಬೀಳುತ್ತಿತ್ತು. ಮೊದಲು ಕಾಪಿ ಬರೆಯುವುದು, ಆಮೇಲೆ ಉಕ್ತಲೇಖನ, ಆಮೇಲೆ ಗಟ್ಟಿಯಾಗಿ ಓದುವುದು, ಕೊನೆಗೆ ಓದಿದ್ದರ ಸಾರ ಹೇಳುವುದು. ಇದ್ದದ್ದೊಂದೇ ಪುಸ್ತಕ, ಅದು ಎಲ್ಲರಿಗೂ ಬಾಯಿಗೆ ಬಂದಿತ್ತು. ಆದರೆ ಇನ್ಸ್‌ಪೆಕ್ಟರು ಈ ಸಲ ಓದಿಲ್ಲದ ಪಾಠ ತರುತ್ತಾರೆ ಅಂತ ಸುದ್ದಿ. ಓದಿಲ್ಲದ್ದನ್ನು ಎಲ್ಲಿಂದ ತರುವುದು? ಮೇಷ್ಟ್ರಿಗೆ ಅವರ ಅಕ್ಕ ಊರಿಂದ ಹುರಿಹಿಟ್ಟು, ಮೆಣಸಿನಪುಡಿ ಕಳಿಸುತ್ತಿದ್ದರು. ಕಟ್ಟಿ ಕಳಿಸುತ್ತಿದ್ದದ್ದು ಮೈಸೂರಿನ ಹಳೇ ಪತ್ರಿಕೆಯಲ್ಲಿ. ಮೇಷ್ಟ್ರು ಆ ಕಾಗದ ಕೊಡವಿ, ಸವರಿ, ನಮಗೆ ಓದಲು ಕೊಡುತ್ತಿದ್ದರು. ದನದ ಜಾತ್ರೆಯ ಸುದ್ದಿಯ ಅರ್ಧ, ಕೆಮ್ಮಿನ ಲೇಹ್ಯದ ಜಾಹೀರಾತು, ಯಾರೋ ಜಮೀನ್ದಾರರು ತೀರಿಕೊಂಡ ವಾರ್ತೆ. ಮೆಣಸಿನ ಘಾಟಿಗೆ ಸೀನುತ್ತಾ ಓದುತ್ತಿದ್ದೆವು.

“ಈಗ ಲೇಹ್ಯದ ಸಾರ ಹೇಳ್ರಲಾ, ನಿಮ್ ನಿಮ್ ಸ್ವಂತ ಮಾತಲ್ಲಿ. ಬೋಜ, ನೀ ಹೇಳು ಮೊದ್ಲು.”

ಬೋಜ ಎದ್ದ. “ಈ ಲೇಹ್ಯ ತಿಂದ್ರೆ ಕೆಮ್ಮು ಬತ್ತದೆ.”

“ಬತ್ತದೋ ಹೋಯ್ತದೋ?”

“ಬಂದೇ ಹೋಗ್ಬೇಕಲ್ಲ ಮೇಷ್ಟ್ರೇ, ಬರದೆ ಎಲ್ಲಿಂದ ಹೋಗ್ತದೆ?”

ಮೇಷ್ಟ್ರು ಮುಂದಿನವನ ಕಡೆ ತಿರುಗಿದರು. “ಲೇಹ್ಯ ತಿಂದ್ರೆ ಕೆಮ್ಮು ಬತ್ತದೆ.” ಅದರಾಚೆ, “ಕೆಮ್ಮು ಬತ್ತದೆ.” ಕೊನೆಯಲ್ಲಿ ನಾನೂ ಕೆಮ್ಮು ಬರಿಸಿದೆ.

ಮೇಷ್ಟ್ರು ಕೋಲು ಕೆಳಗಿಟ್ಟು ತಲೆ ಹಿಡಿದುಕೊಂಡರು. ಅವರನ್ನು ಕಂಗೆಡಿಸಿದ್ದು ಇದೊಂದೇ ಅಲ್ಲ. ಅದೇ ಸಾರವನ್ನು ಸ್ಲೇಟಿನಲ್ಲಿ ಬರೆಸಿದರೆ ಒಬ್ಬೊಬ್ಬರದೂ ಬೇರೆ ಬೇರೆ, ಹೆಚ್ಚಿನವರದು ಸರಿ. “ಬರೆದ್ರೆ ಬುದ್ಧಿವಂತ್ರು, ಬಾಯ್ ಬುಟ್ರೆ ಕುರಿಗಳು! ಏನ್ ಕಾಯಿಲೆಲಾ ಇದು ನಿಮಗೆ?” ಅಂದರು. ಯಾರೂ ಉತ್ತರ ಕೊಡಲಿಲ್ಲ. ಬೋಜ ಕುನ್ನಪ್ಪ ಕೊಟ್ಟಿರಲಿಲ್ಲವಲ್ಲ.

ಮಾರನೆ ದಿನ ಕೆಂಡ ಕೊಡಲು ಹೋದಾಗ ನಾನೊಬ್ಬಳೇ ಸಿಕ್ಕೆ. “ಮಾಸಿ, ನಿಜ ಹೇಳವ್ವ,” ಅಂತ ನನ್ನ ಹೆಸರು ಹಿಡಿದು ಕೇಳಿದರು. “ಲೇಹ್ಯ ತಿಂದ್ರೆ ಕೆಮ್ಮು ಬತ್ತದಾ?”

“ಇಲ್ಲೆ, ಹೋಗ್ತದೆ.”

“ಮತ್ಯಾಕೆ ಬತ್ತದೆ ಅಂದೆ?”

“ಕುನ್ನಪ್ಪ ಹೇಳಿದ ಮೇಲೆ ನಾ ಬೇರೆ ಹೇಳಕ್ಕಾಗ್ತದಾ?”

ನನಗೆ ಇದರಲ್ಲಿ ವಿವರಿಸುವುದೇನಿದೆ ಅಂತಲೇ ಗೊತ್ತಾಗಲಿಲ್ಲ. ನಮ್ಮ ಹಟ್ಟಿಯಲ್ಲಿ ಕೂಟ ಸೇರುವುದು ಮರದ ಸುತ್ತ ಕಟ್ಟಿದ ಕಲ್ಲುಕಟ್ಟೆಯ ಮೇಲೆ. ಕೂಟದಲ್ಲಿ ದೊಡ್ಡವರು ಒಂದು ಮಾತು ಆಡಿದ ಮೇಲೆ ಸಣ್ಣವರು ಅಲ್ಲೇ ಎದ್ದು ಬೇರೆ ಮಾತು ಆಡುವುದಿಲ್ಲ. ಬೇರೆ ಅನ್ನಿಸಿದರೆ ಸಾಯಂಕಾಲ ಅವರ ಮನೆಗೆ ಹೋಗಬೇಕು, ತಲೆ ಬಾಗಿಸಬೇಕು, ಅವರು ತಲೆ ಮೇಲೆ ಕೈ ಇಟ್ಟು ಹರಸಿದ ಮೇಲೆ ಮೆಲ್ಲಗೆ ಹೇಳಬೇಕು. ಬೇರೆ ಹಟ್ಟಿಗಳಲ್ಲಿ ಹೇಗೋ ಗೊತ್ತಿಲ್ಲ, ನಮ್ಮಲ್ಲಿ ಹೀಗೆ. ದೀಪಸ್ತಂಭದ ಪರೀಕ್ಷೆಯ ದಿನವೂ ನಾವು ಹಾಗೇ ಮಾಡಿದ್ದೆವು. ಸಾಲಾಗಿ ಬೋಜನ ಮನೆಗೆ ಹೋಗಿ, ತಲೆ ಕೊಟ್ಟು, “ಕುನ್ನಪ್ಪಾ, ಅದು ಹಡಗಿನವರಿಗೆ” ಅಂತ ಒಬ್ಬೊಬ್ಬರಾಗಿ ಹೇಳಿ ಬಂದಿದ್ದೆವು. “ಹೌದಾ? ಮೊದ್ಲೇ ಹೇಳ್ಬಾರ್ದಾ?” ಅಂದಿದ್ದ.

ಮೇಷ್ಟ್ರು ಅವತ್ತೇ ಒಂದು ಉಪಾಯ ಮಾಡಿದರು. ಬೋಜನನ್ನು ಕೊನೆಗೆ ಕೂರಿಸಿ, ಎಲ್ಲರಿಗಿಂತ ಸಣ್ಣವಳಾದ ನನ್ನನ್ನು ಮೊದಲು ಕೇಳಿದರು. ಇದು ಇನ್ನೂ ಕೆಟ್ಟಿತು. ದೊಡ್ಡವನು ಕೂತಿರುವಾಗ ಸಣ್ಣವಳು ಮೊದಲು ಬಾಯಿ ಬಿಡುವುದೇ? ತಪ್ಪು ಉತ್ತರವಾದರೂ ಬರುತ್ತಿತ್ತು, ಈಗ ಅದೂ ಇಲ್ಲ. ಕೋಣೆಯಲ್ಲಿ ಗಡ್ಡೆಗೂ ನಮಗೂ ವ್ಯತ್ಯಾಸ ಇರಲಿಲ್ಲ.

ಮೇಷ್ಟ್ರು ಕಂಬಳಿ ಕೊಡವಿಕೊಂಡು ಎದ್ದವರೇ ನೇರ ಕಲ್ಲುಕಟ್ಟೆಗೆ ಹೋದರು. ನಾವೂ ಹಿಂದೆ. ಹಟ್ಟಿಗೌಡ ಅಲ್ಲಿ ಬಿಸಿಲು ಕಾಯಿಸುತ್ತಾ ಕೂತಿದ್ದ.

“ಗೌಡ್ರೇ, ಶಾಲೆ ಕೂಟ ಅಲ್ಲ ಅಂತ ಈ ಮಕ್ಕಳಿಗೆ ಒಂದ್ ಮಾತು ಹೇಳ್ಬುಡಿ.”

“ಹತ್ತು ಜನ ಕೂತ್ಕಂಡು ಒಬ್ಬ ಕೇಳಿ ಇನ್ನೊಬ್ಬ ಹೇಳಿದ್ರೆ ಅದೇನ ಮೇಷ್ಟ್ರೇ?”

“ಶಾಲೆ.”

“ಎನಗೆ ಕೂಟ ಅಂತ ಕಾಣ್ತದೆ.”

“ಹಿಂಗೇ ಆದ್ರೆ ಶಾಲೆ ಮುಚ್ತಾರೆ.”

ಗೌಡ ಯೋಚನೆ ಮಾಡಿದ. ಅವಸರ ಇಲ್ಲದ ಮನುಷ್ಯ. ಅಷ್ಟರಲ್ಲಿ ಬಿಸಿಲು ಅವನ ಮೊಣಕಾಲಿನಿಂದ ಪಾದಕ್ಕೆ ಇಳಿಯಿತು. ಕೊನೆಗೆ ಹೇಳಿದ: “ದೊಡ್ಡವ ತಲೆ ಮುಟ್ಟಿ ‘ನೀ ಹೇಳು’ ಅಂದ್ರೆ ಸಣ್ಣವ ಹೇಳ್ಬಹುದು. ನಮ್ಮ ಕೂಟದಲ್ಲೂ ಅದು ಉಂಟು. ಇಲ್ಲೆ ಅಂದ್ರೆ ದೊಡ್ಡವ ಎದ್ದು ಹೋಗ್ಬೇಕು, ಕಿವಿಗೆ ಬೀಳದಷ್ಟು ದೂರ. ಆಗ ಕೂಟ ತಾನೇ ಒಡೀತದೆ.”

ಯಾರೋ ಒಬ್ಬರು ಮೇಷ್ಟ್ರಿಗೆ ಸುಲಭದ ದಾರಿ ಹೇಳಿದರು: ಪರೀಕ್ಷೆಯ ದಿನ ಬೋಜ ಬರದಿದ್ದರೆ ಆಯಿತಲ್ಲ. ಮೇಷ್ಟ್ರು ಒಪ್ಪಲಿಲ್ಲ. “ಅವ್ನೂ ನನ್ ಹುಡ್ಗನೇ ಕಣ್ರಪ್ಪ. ಅವ್ನೂ ಪಾಸಾಗ್ಬೇಕು,” ಅಂದರು. ಬೋಜನ ಕಿವಿ ಕೆಂಪಾಗಿತ್ತು, ಚಳಿಗೋ ಏನೋ.

ಅವತ್ತಿನಿಂದ ತಲೆ ಮುಟ್ಟುವ ಅಭ್ಯಾಸ. ಬೋಜ ಬಾಗಿಲ ಹತ್ತಿರ ಒಂದು ಗಡ್ಡೆ ಚೀಲದ ಮೇಲೆ ಕೂರುತ್ತಿದ್ದ. ಮೇಷ್ಟ್ರು ಹೆಸರು ಕರೆದರೆ ನಾವು ಅವನ ಮುಂದೆ ಹಾದು, ತಲೆ ಬಾಗಿಸಿ, ಅವನು ಕೈ ಇಟ್ಟು “ಹೇಳು” ಅಂದ ಮೇಲೆ ಮೇಷ್ಟ್ರ ಮುಂದೆ ನಿಂತು ಸಾರ ಹೇಳಬೇಕು. ಕೆಲಸ ಮಾಡಿತು! ಜಮೀನ್ದಾರರು ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಥರ ತೀರಿಕೊಂಡರು. ಬೋಜನಿಗಂತೂ ಹಬ್ಬ. ಗೌಡನ ಗತ್ತಿನಲ್ಲಿ ಕಣ್ಣು ಮುಚ್ಚಿ, “ಹಾಂ, ಬಾ, ಸಾವಿರ ವರ್ಷ ಬಾಳು, ಲೇಹ್ಯ ತಿನ್ನಬೇಡ, ಹೇಳು” ಅಂತ ಹರಸುತ್ತಿದ್ದ. ನನ್ನ ದೊಡ್ಡಪ್ಪನ ಮಗ ಜೋಗಿಯ ತಲೆ ಸಿಕ್ಕರೆ ಒಂದು ಮೊಟಕು ಸೇರಿಸಿ ಹರಸುತ್ತಿದ್ದ.

“ಕುನ್ನಪ್ಪಾ, ಇನ್ನು ಎನ್ನ ತಲೆ ಮುಟ್ಟಬೇಡ, ಎಮ್ಮೆ ವಾಸನೆ,” ಅಂತ ಜೋಗಿ ಒಂದು ದಿನ ದೂರಿದ.

“ಮುಟ್ಟದಿದ್ರೆ ಬಾಯಿ ಬಿಡ್ತೀಯಾ?”

“ಇಲ್ಲೆ.”

“ಮತ್ತೆ ತಲೆ ಕೊಡು, ಮೂಗು ಮುಚ್ಚು.”

ಮಧ್ಯಾಹ್ನ ಕೆಂಡದಲ್ಲಿ ಅವನು ಗಡ್ಡೆ ಸುಡುತ್ತಿದ್ದ. ಬಿತ್ತನೆ ಗಡ್ಡೆ ಸುಡಬಾರದು, ಊರಿನದು. ಮೊಳಕೆ ಮುರಿದದ್ದು, ಇಲಿ ಕಚ್ಚಿದ್ದು ನೋಡಿ ಆರಿಸುತ್ತಿದ್ದ. ಆ ವರ್ಷ ಇಲಿಗಳು ತುಂಬಾ ಚುರುಕಾಗಿದ್ದವು ಅನ್ನಿ. ಗಡ್ಡೆ ಊದಿ ತಿನ್ನುತ್ತಾ ನಾವು ಅವನಿಗೆ ಪಾಠ ಹೇಳಿಕೊಡುತ್ತಿದ್ದೆವು. ಒಬ್ಬಳು ಗಟ್ಟಿಯಾಗಿ ಓದುವುದು, ಇನ್ನೊಬ್ಬ ಪ್ರಶ್ನೆ ಕೇಳುವುದು. ಅವನು ಓದಬಲ್ಲ, ಬರೆಯಬಲ್ಲ, ದುಂಡಗಿನ ಅಕ್ಷರ. ತೊಂದರೆ ಏನೆಂದರೆ ಓದಿದ್ದನ್ನು ಹಾಗೆ ಬಿಡುತ್ತಿರಲಿಲ್ಲ. ಪ್ರತಿ ಕಥೆಯೂ ಅವನ ಕೈಯಲ್ಲಿ ನಮ್ಮ ಹಟ್ಟಿಗೆ ಬಂದುಬಿಡುತ್ತಿತ್ತು. ರಾಜ ಯಾಕೆ ಸಿಟ್ಟಾದ ಅಂದರೆ ಎಮ್ಮೆ ಹಾಲು ಕೊಡಲಿಲ್ಲ ಅನ್ನುತ್ತಿದ್ದ.

“ಪುಸ್ತಕದಲ್ಲಿ ಎಮ್ಮೆ ಇಲ್ಲೆ ಕುನ್ನಪ್ಪಾ,” ಅಂದರೆ,

“ಬರೆಯಕ್ಕೆ ಮರೆತಿರ್ಬೇಕು,” ಅನ್ನುತ್ತಿದ್ದ.

ಆದರೂ ಪರೀಕ್ಷೆ ಹತ್ತಿರ ಬರುವಷ್ಟರಲ್ಲಿ ಅವನ ಎಮ್ಮೆಗಳು ಕಡಿಮೆಯಾಗಿದ್ದವು. ಪಾಸಾಗುತ್ತಾನೆ ಅಂತ ಮೇಷ್ಟ್ರಿಗೂ ಧೈರ್ಯ ಬಂದಿತ್ತು.

ಇನ್ಸ್‌ಪೆಕ್ಟರು ಬಂದ ದಿನ ಹಿಮ ಕರಗಿರಲಿಲ್ಲ. ಕುದುರೆಯ ಮೂಗಿನಿಂದ ಹೊಗೆ. ಉಕ್ತಲೇಖನ, ಕಾಪಿ ಮೊದಲು. ಅದು ಚೆನ್ನಾಗಿಯೇ ಆಯಿತು. ಆಮೇಲೆ ಅವರು ಕನ್ನಡಕ ಸರಿಮಾಡಿಕೊಂಡು ನಮ್ಮನ್ನೆಲ್ಲ ದೂರ ದೂರ ಕೂರಿಸಿದರು. ಬೋಜನನ್ನು ಚೀಲದಿಂದ ಎಬ್ಬಿಸಿ ಮೂಲೆಗೆ ಹಾಕಿದರು.

“ಹೋದ ವರ್ಷದ ಹಾಗೆ ಒಬ್ಬನ ಬಾಯಿ ಒಬ್ಬ ನೋಡುವುದು ಈ ಸಲ ನಡೆಯುವುದಿಲ್ಲ. ಯಾರೂ ಜಾಗ ಬಿಟ್ಟು ಏಳಬಾರದು. ನಾನು ಕೇಳಿದವರನ್ನು ಬಿಟ್ಟು ಬೇರೆಯವರು ಪಿಟಕ್ ಅನ್ನಬಾರದು. ಮೇಷ್ಟ್ರೇ, ನೀವೂ ಸಹ.”

ಮೇಷ್ಟ್ರು “ಸ್ವಾಮಿ, ಒಂದು ವಿಷಯ” ಅಂತ ಬಾಯಿ ತೆರೆದರು. “ನೀವೂ ಸಹ ಅಂದೆ,” ಅಂದರು ಇನ್ಸ್‌ಪೆಕ್ಟರು.

ಒಂದು ಕಾಗದ ತೆಗೆದು ಓದಿದರು, ನಾವು ಕಂಡಿಲ್ಲದ ಪಾಠ. ಒಬ್ಬ ಅಂಬಿಗ ಸಾಯಂಕಾಲದ ಕೊನೆಯ ದೋಣಿ ಬಿಡಬೇಕು. ಜನ ಕೂತಾಗಿದೆ, ಮೋಡ ಕವಿದಿದೆ. ಅಂಬಿಗ ಮಾತ್ರ ಹಗ್ಗ ಬಿಚ್ಚುತ್ತಿಲ್ಲ. ದೋಣಿಯವರು ಬೈಯುತ್ತಾರೆ. ದೂರದ ದಾರಿಯಲ್ಲಿ ಯಾರೋ ಓಡಿ ಬರುತ್ತಿರುವುದು ಅವನ ಕಣ್ಣಿಗೆ ಬಿದ್ದಿದೆ. ಬಂದವನು ವೈದ್ಯ, ಆಚೆ ದಡದ ಮಗುವಿಗೆ ಔಷಧ ಒಯ್ಯುತ್ತಿದ್ದಾನೆ. ಎಲ್ಲರಿಗಿಂತ ಜೋರಾಗಿ ಬೈದವನದೇ ಮಗು.

“ಅಂಬಿಗನು ದೋಣಿಯನ್ನು ಯಾಕೆ ತಡೆದನು? ನಿನ್ನ ಮಾತಿನಲ್ಲಿ ಹೇಳು.” ಅವರ ಬೆರಳು ನೇರ ನನ್ನ ಮೇಲೆ. ಎಲ್ಲರಿಗಿಂತ ಸಣ್ಣವಳಿಂದಲೇ ಶುರು.

ಎದ್ದು ನಿಂತೆ. ನನಗೆ ಉತ್ತರ ಗೊತ್ತಿತ್ತು, ಪೂರಾ ಗೊತ್ತಿತ್ತು. ಬಾಯಿ ಮಾತ್ರ ಬರಲಿಲ್ಲ. ಹೆದರಿಕೆ ಅಂದುಕೊಳ್ಳಬೇಡಿ. ದೊಡ್ಡವರ ಮುಂದೆ ಕಾಲು ಚಾಚಿ ಕೂರು ಅಂದರೆ ನಿಮ್ಮ ಕಾಲು ಬರುತ್ತದೆಯೇ? ಹಾಗೆ. ಮೂಲೆಯಲ್ಲಿ ಕುನ್ನಪ್ಪ ಕೂತಿದ್ದ, ನನ್ನ ತಲೆ ಯಾರೂ ಮುಟ್ಟಿರಲಿಲ್ಲ.

“ಹೇಳು ಮಗು. ಗೊತ್ತಿಲ್ವಾ?”

ಇನ್ಸ್‌ಪೆಕ್ಟರು ಏನೋ ಬರೆದುಕೊಂಡು ಜೋಗಿಯನ್ನು ಎಬ್ಬಿಸಿದರು. ಅವನು ನೆಲ ನೋಡಿದ. ಮತ್ತೇನೋ ಬರೆದುಕೊಂಡರು. ಕಳೆ ಕೀಳುವ ಕೊಕ್ಕೆ ನನ್ನ ಕಣ್ಣ ಮುಂದೆ ಬಂತು, ಅವ್ವೆ ಅದಕ್ಕೆ ಹೊಸ ಹಿಡಿ ಹಾಕಿಸಿದ್ದಳು.

ಆಗ ಬೋಜ ಎದ್ದ.

“ಏ, ಕೂತ್ಕೋ!”

ಬೋಜ ಕೂರಲಿಲ್ಲ. ಕೋಣೆ ದಾಟಿ ಬಂದು ನನ್ನ ಮುಂದೆ ನಿಂತ. ನಾನು ತಲೆ ಬಾಗಿಸಿದೆ. ಎಮ್ಮೆ, ಹೊಗೆ, ಗಡ್ಡೆಯ ಮಣ್ಣು, ಎಲ್ಲ ಸೇರಿದ ಕೈ ನನ್ನ ನೆತ್ತಿ ಮೇಲೆ ಬಂತು. ತಮಾಷೆಯ ಹರಕೆ ಏನೂ ಇಲ್ಲ. “ಹೇಳು ಕೂಸೇ” ಅಂದ, ಅಷ್ಟೆ.

“ಎದುರಿಗೇ ಹೇಳಿಕೊಡುವಷ್ಟು ಧೈರ್ಯ ಉಂಟಾ ನಿಂಗೆ?” ಇನ್ಸ್‌ಪೆಕ್ಟರ ಮುಖ ಕೆಂಡವಾಯಿತು. “ನಡಿ ಹೊರಗೆ! ನಿನ್ನ ಪರೀಕ್ಷೆ ಇಲ್ಲ.”

“ಸ್ವಾಮಿ, ಅವ್ನು ಹೇಳ್ಕೊಟ್ಟಿಲ್ಲ, ಇದು ಇವರ…” ಅಂದರು ಮೇಷ್ಟ್ರು.

“ನಿಮ್ಮನ್ನೂ ಕಳಿಸಬೇಕಾ?”

ಬೋಜ ಬಾಗಿಲ ತನಕ ಹೋದ. ನಾನು ಅಂದುಕೊಂಡೆ, ಹೊರಗೆ ಗೋಡೆಗೊರಗಿ ನಿಲ್ಲುತ್ತಾನೆ, ಕೇಳಿಸಿಕೊಳ್ಳುತ್ತಾನೆ, ಯಾರಾದರೂ ಹಾಗೇ ಮಾಡುತ್ತಾರೆ. ಅವನು ನಿಲ್ಲಲಿಲ್ಲ. ಅಂಗಳ ದಾಟಿದ. ಕಲ್ಲುಕಟ್ಟೆ ದಾಟಿದ. ಕರಿಕಾದ ಹುಲ್ಲಿನ ಬೆಟ್ಟ ಹತ್ತತೊಡಗಿದ. ಒಂದು ಸಲವೂ ತಿರುಗಿ ನೋಡದೆ, ಎಮ್ಮೆಗಳು ಮೇಯುತ್ತಿದ್ದ ಏರಿನ ಹತ್ತಿರ ಹೋಗಿ ಸಣ್ಣ ಚುಕ್ಕೆಯಾದ. ಬಾಗಿಲಿಂದ ನಮಗೆಲ್ಲ ಕಾಣುತ್ತಿತ್ತು. ಕಿವಿಗೆ ಬೀಳದಷ್ಟು ದೂರ.

ಕೂಟ ಒಡೆಯಿತು.

ನಾನು ಹೇಳಿದೆ. ಓಡಿ ಬರುತ್ತಿದ್ದವನನ್ನು ಅಂಬಿಗ ನೋಡಿದ, ದೋಣಿಯವರು ನೋಡಿರಲಿಲ್ಲ. ನೋಡಿದವನು ಬಿಟ್ಟು ಹೋಗುವ ಹಾಗಿಲ್ಲ ಅಂತ. ಜೋಗಿ ಕೈ ಎತ್ತಿ ತಾನೂ ಹೇಳುತ್ತೇನೆ ಅಂದ. ದೋಣಿ ತಡವಾದರೆ ಬೈಗುಳ, ವೈದ್ಯ ತಡವಾದರೆ ಜೀವ ಅಂದ ಅವನು. ಆಮೇಲೆ ಒಬ್ಬೊಬ್ಬರಾಗಿ, ಒಬ್ಬರ ಹಾಗೆ ಇನ್ನೊಬ್ಬರಿಲ್ಲ. ಹಿಮಗಾಲ ಇಡೀ ಮೆಣಸಿನಪುಡಿ ಕಾಗದ ಓದಿದ್ದು ಸುಮ್ಮನೆ ಅಲ್ಲ. ಇನ್ಸ್‌ಪೆಕ್ಟರು ಕನ್ನಡಕ ತೆಗೆದು ಒರೆಸಿದರು. ಮೊದಲು ಬರೆದುಕೊಂಡಿದ್ದನ್ನು ಹೊಡೆದು ಹಾಕಿದರು.

“ಈಗ ಗೊತ್ತಾಯಿತು ಮೇಷ್ಟ್ರೇ. ಆ ದೊಡ್ಡ ಹುಡುಗ ಇವರನ್ನೆಲ್ಲ ಹೆದರಿಸಿ ಇಟ್ಟಿದ್ದಾನೆ. ಅವನು ಹೋದದ್ದೇ ಹೋದದ್ದು, ಮಕ್ಕಳಿಗೆ ಬಾಯಿ ಬಂತು!”

ಮೇಷ್ಟ್ರು ಆಮೇಲೆ ಅವರ ಕುದುರೆಯ ಪಕ್ಕದಲ್ಲೇ ನಡೆಯುತ್ತಾ ದಿಬ್ಬದ ತನಕ ವಿವರಿಸಿದರು. ಗೌಡನೂ ಹೋಗಿ ಹೇಳಿದ. ಇನ್ಸ್‌ಪೆಕ್ಟರು ಕೆಟ್ಟವರಲ್ಲ, ಪೂರ್ತಿ ಕೇಳಿದರು. ಕೇಳಿ, “ಇರಬಹುದು. ಮುಂದಿನ ವರ್ಷ ಬರಲಿ” ಅಂದರು. ಶಾಲೆ ಉಳಿಯಿತು. ಎಷ್ಟೋ ವರ್ಷಕ್ಕೆ ಅದು ತಮಿಳು ಶಾಲೆಯಾಗುವ ತನಕ ಉಳಿಯಿತು. ನಾನು ಅಲ್ಲಿ ಮುಗಿಸಿ, ಕೋತಗಿರಿಯಲ್ಲಿ ನೆಂಟರ ಮನೆಯಲ್ಲಿದ್ದು ಓದಿ, ಕೊನೆಗೆ ಘಟ್ಟ ಇಳಿದು ಕನ್ನಡ ಮೇಡಂ ಆದೆ. ಆ ಗೋದಾಮಿನಲ್ಲಿ ಈಗ ಚಹಾ ಸೊಪ್ಪು ತೂಗುತ್ತಾರೆ. ಬೋಜ ಮುಂದಿನ ವರ್ಷ ಪರೀಕ್ಷೆಗೆ ಬರಲಿಲ್ಲ. ಅಷ್ಟರಲ್ಲಿ ಅವನಪ್ಪ ಹೊಲ ಅವನ ಕೈಗೆ ಕೊಟ್ಟಿದ್ದ. ಬೂಟ್ಸನ್ನೂ ಹಾಕಲಿಲ್ಲ. ಬೇಜಾರಾಯಿತಾ ಅಂತ ದೊಡ್ಡವಳಾದ ಮೇಲೆ ಒಮ್ಮೆ ಕೇಳಿದ್ದೆ. “ಬೂಟ್ಸು ಹಾಕ್ಕಂಡು ಗಡ್ಡೆ ಹೊಲ ಹೊಕ್ಕರೆ ಜಾರ್ತದೆ,” ಅಂದ. ಅದು ಉತ್ತರವೇ ಅಲ್ಲ. ಅವನ ಉತ್ತರಗಳು ಹಾಗೇ.

ಪರೀಕ್ಷೆಯ ಸಾಯಂಕಾಲದ ಮಾತು ಹೇಳಿ ಮುಗಿಸುತ್ತೇನೆ. ಪದ್ಧತಿಯ ಪ್ರಕಾರ ನಾವೆಲ್ಲ ಸಾಲಾಗಿ ಬೋಜನ ಮನೆಗೆ ಹೋದೆವು. ಅವನು ಎಮ್ಮೆ ಕಟ್ಟಿ, ಜಗಲಿ ಮೇಲೆ ಕಾಲು ಮಡಚಿ ಕೂತಿದ್ದ. ಒಬ್ಬೊಬ್ಬರೂ ತಲೆ ಕೊಟ್ಟೆವು, ಒಬ್ಬೊಬ್ಬರಿಗೂ ಕೈ ಇಟ್ಟ. ಜೋಗಿಗೆ ಮೊಟಕು ಮರೆಯಲಿಲ್ಲ.

“ಎಲ್ಲಾರೂ ಹೇಳಿದ್ರಾ?”

“ಹೇಳಿದ್ವಿ ಕುನ್ನಪ್ಪಾ.”

“ಬೇರೆ ಬೇರೆ?”

“ಬೇರೆ ಬೇರೆ.”

“ಎನ್ನ ಒಬ್ಬನ್ನೇ ಕೇಳ್ಳಿಲ್ಲ ಆ ಮನುಷ್ಯ. ಈಗ ಕೇಳಿ. ಅದೇ ಪ್ರಶ್ನೆ.”

ನಾನು ಎದ್ದು ನಿಂತು, ಇನ್ಸ್‌ಪೆಕ್ಟರ ಹಾಗೆ ಮೂಗಿನ ತುದಿ ನೋಡಿ ಕೇಳಿದೆ: “ಅಂಬಿಗನು ದೋಣಿಯನ್ನು ಯಾಕೆ ತಡೆದನು? ನಿನ್ನ ಮಾತಿನಲ್ಲಿ ಹೇಳು.”

ಬೋಜ ಎದೆ ಉಬ್ಬಿಸಿದ.

“ಓಡಿ ಬರ್ತಿದ್ದವ ಅಂಬಿಗನ ಕುನ್ನಪ್ಪ ಇರ್ಬೇಕು. ದೊಡ್ಡವ ಬರೋ ಮೊದ್ಲು ಹೊರಡಕ್ಕಾಗ್ತದಾ?”

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮೊದಲು ಜೋಗಿಯೇ ಎದ್ದ.

“ಓಡಿ ಬರ್ತಿದ್ದವ ಅಂಬಿಗನ ಕುನ್ನಪ್ಪ,” ಅಂದ.

ಅವನ ಪಕ್ಕದವನೂ ಎದ್ದು ಅದನ್ನೇ ಅಂದ. ಅವನ ಪಕ್ಕದವಳೂ. ಸಾಲು ಮುಗಿಯುತ್ತಾ ಬಂದು ಕೊನೆಗೆ ನನ್ನ ಹತ್ತಿರ ನಿಂತಿತು. ನನಗೆ ಸರಿ ಉತ್ತರ ಗೊತ್ತಿತ್ತು. ಬೆಳಿಗ್ಗೆಯಷ್ಟೇ ಹೇಳಿ ಪಾಸಾಗಿದ್ದೆ.

“ಅವನ ಕುನ್ನಪ್ಪನೇ,” ಅಂದೆ.